ನಾಯಿ ಬೆಕ್ಕು ಕಟ್ಕೊಂಡು ಫಾರಿನ್‌ಗೆ ಹೊರಟಿದೀರಾ? ಟಿಕೆಟ್‌ಗಿಂತ ಮೊದ್ಲು ಕ್ಯಾಲೆಂಡರ್ ತೆಗೀರಿ

ಆಫರ್ ಲೆಟರ್ ಕೈಗೆ ಬಂದ ತಕ್ಷಣ ಎಲ್ರೂ ಮೊದ್ಲು ವೀಸಾ ಅಪಾಯಿಂಟ್‌ಮೆಂಟ್ ನೋಡ್ತಾರೆ, ಆಮೇಲೆ ಮನೆ ಓನರ್‌ಗೆ ನೋಟಿಸ್ ಕೊಡ್ತಾರೆ, ಸೋಫಾ ಫ್ರಿಜ್ಜು ಮಾರೋಕೆ ಫೋಟೋ ಹಾಕ್ತಾರೆ, ಕೊನೆಗೆ ಹೊರಡೋಕೆ ಇನ್ನೊಂದ್ ತಿಂಗ್ಳು ಇದೆ ಅನ್ನೋವಾಗ ಅಯ್ಯೋ ನಮ್ ಬ್ರೌನಿಗೆ ಏನ್ ಮಾಡೋದು ಅಂತ ತಲೆಗೆ ಬರತ್ತೆ. ಆರ್ಡರ್ ಪೂರ್ತಿ ಉಲ್ಟಾ. ಈ ಕೆಲ್ಸದಲ್ಲಿ ದುಡ್ಡು ಕೊಟ್ರೆ ಬೇಗ ಮುಗಿಯೋವು ಒಂದಷ್ಟಿವೆ (ಪ್ರಾಣಿ ಸಾಗಿಸೋ ಪೆಟ್ಟಿಗೆ ಅಂದ್ರೆ ಕ್ರೇಟು, ಟಿಕೆಟ್ಟು, ಏಜೆಂಟು), ಆದ್ರೆ ಎಷ್ಟ್ ದುಡ್ಡು ಸುರಿದ್ರೂ ಒಂದೇ ಒಂದ್ ದಿನ ಕೂಡ ಕಮ್ಮಿ ಆಗ್ದೇ ಇರೋದು ಒಂದಿದೆ, ಅದೇ ರೇಬೀಸ್ ಲೆಕ್ಕ. ನಮ್ಮಲ್ಲಿ ನಾಯಿ ಕಚ್ಚಿ ರೇಬೀಸ್ ಬರೋದು ಇನ್ನೂ ನಿಂತಿಲ್ಲ, ಹಾಗಾಗಿ ಎಷ್ಟೋ ದೇಶಗಳು ಭಾರತನ ಹೈ ರಿಸ್ಕ್ ಪಟ್ಟಿಲಿ ಇಟ್ಟಿವೆ. ಲಸಿಕೆ ಹಾಕ್ಸಿದೀವಿ ಸಾರ್ ಅಂತ ಬುಕ್ ತೋರಿಸಿದ್ರೆ ನಂಬಲ್ಲ, ರಕ್ತದಲ್ಲಿ ತೋರ್ಸು ಅಂತಾರೆ, ಅದನ್ನ ತೋರಿಸಿದ್ಮೇಲೂ ಇಷ್ಟ್ ದಿನ ಕಾಯಿ ಅಂತಾರೆ. ಕಾಯ್ಸೋದಕ್ಕೂ ಕಾರಣ ಇದೆ, ರೇಬೀಸ್ ವೈರಸ್ ಮೈಯೊಳಗೆ ಹೊಕ್ಕಿದ್ಮೇಲೆ ಲಕ್ಷಣ ಕಾಣೋಕೆ ವಾರಗಳಿಂದ ತಿಂಗಳುಗಟ್ಟಲೆ ಹಿಡಿಯತ್ತೆ, ಲಸಿಕೆಗೆ ಮುಂಚೆನೇ ಎಲ್ಲಾದ್ರೂ ಅಂಟಿದ್ರೆ ಆ ಗ್ಯಾಪಲ್ಲಿ ಹೊರಗೆ ಬರ್ಲಿ ಅಂತ.

ಅದಕ್ಕೆ ಹೇಳ್ತಿರೋದು, ಹೋಗೋದು ಖಚಿತ ಆಗ್ಲಿ ಬಿಡ್ಲಿ, ಹೋಗೋ ಯೋಚನೆ ಇದ್ರೆ ಇವತ್ತೇ ಚಿಪ್ (ಗುರುತಿನ ನಂಬರ್ ಇರೋ ಮೈಕ್ರೋಚಿಪ್) ಹಾಕ್ಸಿ. ಪ್ಲಾನ್ ಕ್ಯಾನ್ಸಲ್ ಆದ್ರೂ ನಷ್ಟ ಏನಿಲ್ಲ, ನಾಯಿ ಕಳೆದೋದ್ರೆ ಹುಡುಕೋಕೆ ಬರತ್ತೆ.

ಮೊದ್ಲು ದೇಶ ಯಾವ್ದು ಅಂತ ನೋಡಿ

ಪಕ್ಕದ್ಮನೆಯವ್ರು ಕೆನಡಾಗೆ ಹೋದಾಗ ಏನ್ ಮಾಡಿದ್ರು ಅನ್ನೋದು ನೀವು ಜರ್ಮನಿಗೆ ಹೋಗೋವಾಗ ಮೂರು ಕಾಸಿನ ಪ್ರಯೋಜನಕ್ಕೆ ಬರಲ್ಲ. ಒಂದೊಂದ್ ದೇಶದ್ದು ಒಂದೊಂದ್ ಥರ.

ಯುರೋಪಿಯನ್ ಯೂನಿಯನ್ ದೇಶಗಳಿಗೆ (ಜರ್ಮನಿ, ನೆದರ್ಲೆಂಡ್ಸ್, ಫ್ರಾನ್ಸ್, ಐರ್ಲೆಂಡ್ ಎಲ್ಲ) ಚಿಪ್ಪು, ಅದಾದ್ಮೇಲೆ ರೇಬೀಸ್ ಲಸಿಕೆ, ಲಸಿಕೆ ಆಗಿ ಕನಿಷ್ಠ 30 ದಿನ ಬಿಟ್ಟು ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯೋದು. ರಿಪೋರ್ಟ್ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ, ಇದು ನೆನಪಿರ್ಲಿ.

ಇಂಗ್ಲೆಂಡ್‌ಗೂ ಹೆಚ್ಚುಕಮ್ಮಿ ಇದೇ ಲೆಕ್ಕ, ಅದ್ರ ಮೇಲೆ ಇನ್ನೆರಡು ತಲೆನೋವು. ನಾಯಿ ಆದ್ರೆ ಅಲ್ಲಿ ಇಳಿಯೋಕೆ 24ರಿಂದ 120 ಗಂಟೆ ಮುಂಚೆ ಲಾಡಿಹುಳದ ಮಾತ್ರೆ ಡಾಕ್ಟರ್ ಎದುರಲ್ಲೇ ನುಂಗಿಸಿ ಟೈಮ್ ಸಮೇತ ಬರೆಸ್ಬೇಕು (ಬೆಕ್ಕಿಗೆ ಬೇಡ). ಮತ್ತೆ ವಿಮಾನದಲ್ಲಿ ಹೋಗೋದಾದ್ರೆ ಕ್ಯಾಬಿನ್ನಲ್ಲೂ ಇಲ್ಲ, ನಿಮ್ ಲಗೇಜ್ ಜೊತೆನೂ ಇಲ್ಲ, ಕಾರ್ಗೋನೇ ಗತಿ. ಎರಡು ಕೆಜಿ ಬೆಕ್ಕಿನ ಮರಿ ಆದ್ರೂ ಅಷ್ಟೇ. ಹೀಥ್ರೋದಲ್ಲಿ ಅದಕ್ಕೇ ಅಂತ ಅನಿಮಲ್ ರಿಸೆಪ್ಷನ್ ಸೆಂಟರ್ ಇದೆ, ಅಲ್ಲೇ ಪೇಪರ್ ನೋಡಿ ಬಿಡ್ತಾರೆ. ಮನೆ ಶಿಫ್ಟ್ ಮಾಡ್ತಿರೋರು ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅಂತ ಒಂದು ಅರ್ಜಿ ಮುಂಚೆನೇ ಹಾಕಿಟ್ರೆ ಪ್ರಾಣಿ ಮೇಲಿನ ಟ್ಯಾಕ್ಸ್ ಉಳಿಯತ್ತೆ, ಗೊತ್ತಿಲ್ದೆ ಎಷ್ಟೋ ಜನ ಕಟ್ತಾರೆ.

ಅಮೆರಿಕಾದಲ್ಲಿ ನಾಯಿಗೊಂದು ನ್ಯಾಯ ಬೆಕ್ಕಿಗೊಂದು ನ್ಯಾಯ. ಸಿಡಿಸಿ (ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ) ಹೊಸ ನಿಯಮ 2024ರ ಆಗಸ್ಟ್ 1ರಿಂದ ಬಂತು, ಅದ್ರಲ್ಲಿ ಭಾರತದಂಥ ಹೈ ರಿಸ್ಕ್ ದೇಶದಿಂದ, ಇಲ್ಲೇ ಲಸಿಕೆ ಹಾಕ್ಸ್ಕೊಂಡು ಬರೋ ನಾಯಿಗೆ ಕನಿಷ್ಠ 6 ತಿಂಗಳು ವಯಸ್ಸಾಗಿರ್ಬೇಕು, ಚಿಪ್ ಇರ್ಬೇಕು, ಸರ್ಕಾರಿ ವೆಟ್ ಸಹಿ ಹಾಕಿದ ಸಿಡಿಸಿ ಫಾರ್ಮ್ ಇರ್ಬೇಕು, ಅವ್ರು ಒಪ್ಪಿದ ಲ್ಯಾಬಿಂದ ರಕ್ತದ ರಿಪೋರ್ಟ್ ಇರ್ಬೇಕು, ಅದೂ ಇಳಿಯೋಕೆ 28 ದಿನ ಮುಂಚೆನಾದ್ರೂ ತೆಗೆದ ರಕ್ತ ಆಗಿರ್ಬೇಕು. ರಿಪೋರ್ಟ್ ಇಲ್ದಿದ್ರೆ ನಿಮ್ ಖರ್ಚಲ್ಲೇ 28 ದಿನ ಕ್ವಾರಂಟೈನು. ಎಲ್ಲಕ್ಕಿಂತ ಮುಖ್ಯ, ಈ ನಾಯಿಗಳು ಯಾವ ಏರ್‌ಪೋರ್ಟಲ್ಲಿ ಬೇಕಾದ್ರೂ ಇಳಿಯೋ ಹಾಗಿಲ್ಲ, ಸಿಡಿಸಿ ರಿಜಿಸ್ಟರ್ ಆಗಿರೋ ಅನಿಮಲ್ ಕೇರ್ ಫೆಸಿಲಿಟಿ ಇರೋ ಕಡೆನೇ ಇಳೀಬೇಕು, ಅಲ್ಲಿ ಮುಂಚೆನೇ ಬುಕ್ ಮಾಡಿರ್ಬೇಕು. ನಿಯಮ ಬಂದಾಗ ಆ ಪಟ್ಟಿಲಿ ನ್ಯೂಯಾರ್ಕ್ ಜೆಎಫ್‌ಕೆ, ಲಾಸ್ ಏಂಜಲೀಸ್, ಅಟ್ಲಾಂಟಾ, ಮಯಾಮಿ, ಫಿಲಡೆಲ್ಫಿಯಾ, ವಾಷಿಂಗ್ಟನ್ ಡಲೆಸ್ ಇಷ್ಟೇ ಇದ್ದಿದ್ದು, ನಮ್ ಐಟಿ ಜನ ಅರ್ಧ ಊರು ಹೋಗಿ ಸೇರೋ ಸ್ಯಾನ್ ಫ್ರಾನ್ಸಿಸ್ಕೋನೇ ಇರ್ಲಿಲ್ಲ. ಬುಕ್ ಮಾಡೋ ದಿನ ಸಿಡಿಸಿ ಸೈಟಲ್ಲಿ ಪಟ್ಟಿ ನೋಡ್ಕೊಳ್ಳಿ. ಬೆಕ್ಕಿಗೆ ಸಿಡಿಸಿ ಇದ್ಯಾವ್ದೂ ಕೇಳಲ್ಲ, ಆದ್ರೆ ಕೆಲವು ರಾಜ್ಯಗಳು, ಏರ್‌ಲೈನ್‌ಗಳು ರೇಬೀಸ್ ಲಸಿಕೆ ಕೇಳ್ತವೆ, ಹಾಕ್ಸ್ಕೊಂಡೇ ಹೋಗಿ.

ಕೆನಡಾ ಇವುಗಳಲ್ಲಿ ಸಲೀಸು. ನಿಮ್ ಜೊತೆ ಪ್ರಯಾಣ ಮಾಡೋ ಸ್ವಂತ ಸಾಕುಪ್ರಾಣಿಗೆ, 8 ತಿಂಗಳು ದಾಟಿದ ನಾಯಿ ಆಗಿದ್ರೆ, ಇಂಗ್ಲಿಷ್ ಅಥವಾ ಫ್ರೆಂಚಲ್ಲಿ ಸರಿಯಾಗಿ ಬರೆದಿರೋ ರೇಬೀಸ್ ಸರ್ಟಿಫಿಕೇಟ್ ಸಾಕು. ಆದ್ರೆ ಕಮರ್ಷಿಯಲ್ ಅಂತ ಲೆಕ್ಕಕ್ಕೆ ಬರೋ ನಾಯಿಗಳನ್ನ ಭಾರತ ಸೇರಿ ಹೈ ರಿಸ್ಕ್ ದೇಶಗಳಿಂದ 2022ರ ಸೆಪ್ಟೆಂಬರ್ 28ರಿಂದ ಬ್ಯಾನ್ ಮಾಡಿದಾರೆ. ಮಾರೋದು ಅಷ್ಟೇ ಅಲ್ಲ, ದತ್ತು ಕೊಡೋಕೆ ಕಳಿಸೋದೂ ಅದ್ರಲ್ಲೇ ಬರತ್ತೆ, ಹಾಗಾಗಿ ನಾವು ಮೊದ್ಲು ಹೋಗಿರ್ತೀವಿ, ನಾಯಿನ ಆಮೇಲೆ ಯಾರ್ ಕೈಲಾದ್ರೂ ಕಳ್ಸಿ ಅನ್ನೋ ಐಡಿಯಾ ಇದ್ರೆ ನಿಯಮ ಸರಿಯಾಗಿ ಓದಿ ಮುಂದುವರೀರಿ.

ಜಪಾನ್‌ಗೆ ಎರಡು ರೇಬೀಸ್ ಲಸಿಕೆ, ರಕ್ತ ತೆಗೆದ ದಿನದಿಂದ 180 ದಿನ ಕಾಯೋದು, ಇಳಿಯೋಕೆ 40 ದಿನ ಮುಂಚೆ ಅವ್ರಿಗೆ ತಿಳಿಸೋದು. ಆಸ್ಟ್ರೇಲಿಯಾದವ್ರು ಭಾರತದಿಂದ ನೇರವಾಗಿ ನಾಯಿ ಬೆಕ್ಕು ತಗೊಳ್ಳೋದೇ ಇಲ್ಲ, ಅವ್ರು ಒಪ್ಪಿದ ಬೇರೆ ದೇಶದಲ್ಲಿ ತಿಂಗಳುಗಟ್ಟಲೆ ಇರಿಸಿ, ಅಲ್ಲಿಂದ ಪರ್ಮಿಟ್ ತಗೊಂಡು, ಮೆಲ್ಬೋರ್ನ್ ಹತ್ರದ ಮಿಕಲ್ಹಮ್ ಕ್ವಾರಂಟೈನ್ ಸೆಂಟರ್‌ಗೆ ಹೋಗ್ಬೇಕು. ಸಿಡ್ನಿ ಕೆಲ್ಸ ಒಪ್ಕೊಳ್ಳೋ ಮುಂಚೆ ಮನೆಯವ್ರೆಲ್ಲ ಕೂತು ಮಾತಾಡ್ಬೇಕಾದ ವಿಷ್ಯ ಇದು, ಒಪ್ಕೊಂಡ್ಮೇಲೆ ಅಲ್ಲ.

ಚಿಪ್ಪು, ಸೂಜಿ, ರಕ್ತ – ಇದೇ ಆರ್ಡರಲ್ಲಿ

ಚಿಪ್ ಅಂದ್ರೆ ಅಕ್ಕಿಕಾಳಿನಷ್ಟು ಗಾತ್ರದ್ದು, ಭುಜದ ಮಧ್ಯೆ ಚರ್ಮದ ಕೆಳಗೆ ದಪ್ಪ ಸೂಜಿಲಿ ಹಾಕ್ತಾರೆ, ಅನಸ್ತೇಷಿಯಾ ಬೇಡ. ಐಎಸ್ಒ 11784, 11785 ಸ್ಟ್ಯಾಂಡರ್ಡಿನ 15 ಅಂಕಿ ಚಿಪ್ಪೇ ಆಗ್ಬೇಕು. ಹಾಕೋಕೆ ಮುಂಚೆ ಪ್ಯಾಕೆಟಲ್ಲೇ ಒಂದ್ಸಲ ಸ್ಕ್ಯಾನ್ ಮಾಡ್ಸಿ, ಹಾಕಿದ್ಮೇಲೆ ಇನ್ನೊಂದ್ಸಲ, ಎರಡೂ ಸಲ ನಂಬರ್ ನೀವೇ ಫೋನಲ್ಲಿ ಫೋಟೋ ತಗೊಳ್ಳಿ. ಚಿಪ್ಪಿನ ಜೊತೆ ಬಾರ್‌ಕೋಡ್ ಸ್ಟಿಕ್ಕರ್ ಬರತ್ತೆ, ಅದನ್ನ ವ್ಯಾಕ್ಸಿನೇಷನ್ ಬುಕ್ಕಿಗೆ ಅಂಟಿಸಿ, ಎರಡು ಸ್ಪೇರ್ ಇಟ್ಕೊಳ್ಳಿ. ಯಾಕಿಷ್ಟು ಹೇಳ್ತಿದೀನಿ ಅಂದ್ರೆ ಈ 15 ಅಂಕಿ ಮುಂದೆ ಲಸಿಕೆ ಬುಕ್ಕು, ಲ್ಯಾಬ್ ಫಾರ್ಮು, ಹೆಲ್ತ್ ಸರ್ಟಿಫಿಕೇಟು, ಎಕ್ಯೂಸಿಎಸ್ (ಕೇಂದ್ರ ಸರ್ಕಾರದ ಅನಿಮಲ್ ಕ್ವಾರಂಟೈನ್ ಆಫೀಸ್) ಅರ್ಜಿ, ಏರ್‌ಲೈನ್ ಫಾರ್ಮು ಎಲ್ಲ ಕಡೆ ಹೋಗಿ ಕೂರತ್ತೆ, ಯಾರೋ ಒಬ್ರು ಕೈಬರಹದಲ್ಲಿ 1ನ್ನ 7 ಥರ ಬರೆದು ಲ್ಯಾಬಿನವ್ರು ಅದನ್ನೇ ಟೈಪ್ ಮಾಡಿಬಿಟ್ರೆ, ಕಾಗದದ ಪ್ರಕಾರ ಅದು ನಿಮ್ ನಾಯಿನೇ ಅಲ್ಲ.

ಚಿಪ್ ಆದ್ಮೇಲೆ ರೇಬೀಸ್ ಲಸಿಕೆ. ಅದೇ ದಿನ ಆದ್ರೂ ಪರವಾಗಿಲ್ಲ, ಆದ್ರೆ ಚಿಪ್ ಮೊದ್ಲು. ಯುರೋಪು, ಇಂಗ್ಲೆಂಡ್‌ನವ್ರ ಲೆಕ್ಕದಲ್ಲಿ ಚಿಪ್ಪಿಗೆ ಮುಂಚೆ ಹಾಕಿದ ರೇಬೀಸ್ ಲಸಿಕೆ ಹಾಕಿಲ್ಲ ಅಂತಲೇ ಅರ್ಥ, ಯಾವ ನಾಯಿಗೆ ಹಾಕಿದ್ದು ಅಂತ ಪ್ರೂಫ್ ಇಲ್ವಲ್ಲ. ವರ್ಷಾ ವರ್ಷ ತಪ್ಪದೆ ಹಾಕ್ಸಿದೀವಿ ಅನ್ನೋರೂ ಚಿಪ್ ಇಲ್ದಿದ್ರೆ ಮತ್ತೆ ಹಾಕ್ಸ್ಬೇಕು. ಮರಿಗೆ ಕನಿಷ್ಠ 12 ವಾರ ಆಗಿರ್ಬೇಕು. ಬಾಟಲಿ ಮೇಲಿನ ಸ್ಟಿಕ್ಕರ್ (ಬ್ಯಾಚ್ ನಂಬರು, ಎಕ್ಸ್‌ಪೈರಿ ಇರೋದು) ಬುಕ್ಕಲ್ಲಿ ಇರ್ಲೇಬೇಕು, ಪಕ್ಕದಲ್ಲಿ ತಾರೀಖು, ಡಾಕ್ಟರ್ ಸಹಿ, ಸೀಲು, ವೆಟರ್ನರಿ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರು. ಕ್ಯಾಂಪಲ್ಲಿ ಫ್ರೀ ಹಾಕಿಸಿದ ಲಸಿಕೆ ಒಳ್ಳೇದೇ, ಆದ್ರೆ ಬರೀ ಚೀಟಿ ಕೊಟ್ಟು ಕಳ್ಸಿದ್ರೆ ಈ ಕೆಲ್ಸಕ್ಕೆ ಬರಲ್ಲ.

ಆಮೇಲೆ ರಕ್ತ. ಇದಕ್ಕೆ ವೆಟ್‌ಗಳು ಟೈಟರ್ ಟೆಸ್ಟ್ ಅಂತಾರೆ, ರೇಬೀಸ್ ಆಂಟಿಬಾಡಿ ಪ್ರಮಾಣ ಮಿಲಿಗೆ 0.5 ಐಯು ಅಥವಾ ಅದಕ್ಕಿಂತ ಮೇಲಿರ್ಬೇಕು. ರಕ್ತ ತೆಗೆದು, ಸೆಂಟ್ರಿಫ್ಯೂಜ್‌ಲಿ ತಿರುಗಿಸಿ ಸೀರಮ್ ಬೇರೆ ಮಾಡಿ, ತಣ್ಣಗೆ ಇಟ್ಟು ಲ್ಯಾಬಿಗೆ ಕಳಿಸೋದು. ಸೀರಮ್ ತಿಳಿ ಹಳದಿ ಬಣ್ಣಕ್ಕಿರ್ಬೇಕು, ಕೆಂಪಗಿದ್ರೆ ರಕ್ತಕಣ ಒಡೆದಿದೆ ಅಂತ, ಲ್ಯಾಬಿನವ್ರು ವಾಪಸ್ ಮಾಡ್ಬೋದು, ಅಲ್ಲಿಗೆ ಕೊರಿಯರ್ ದುಡ್ಡೂ ಹೋಯ್ತು ವಾರಾನೂ ಹೋಯ್ತು. ಟ್ಯೂಬ್ ಪ್ಯಾಕ್ ಆಗೋಕೆ ಮುಂಚೆ ನೀವೂ ಒಂದ್ಸಲ ನೋಡಿ, ಡಾಕ್ಟರ್ ಏನ್ ಅನ್ಕೊಳ್ತಾರೋ ಅಂತ ಸಂಕೋಚ ಬೇಡ. ಲ್ಯಾಬ್ ವಿಷ್ಯಕ್ಕೆ ಬಂದ್ರೆ, ನಮ್ ಹೆಬ್ಬಾಳದ ವೆಟರ್ನರಿ ಕಾಲೇಜಲ್ಲೇ ರೇಬೀಸ್ ಲ್ಯಾಬ್ ಇದೆ, ಹೆಸರು ಮಾಡಿರೋ ಲ್ಯಾಬು, ಆದ್ರೂ ಯಾವ ಲ್ಯಾಬೇ ಆಗ್ಲಿ ನೀವು ಹೋಗೋ ದೇಶದ ಒಪ್ಪಿಗೆ ಪಟ್ಟಿಲಿ ಅದ್ರ ಹೆಸರಿದ್ಯಾ ಅನ್ನೋದಷ್ಟೇ ಇಲ್ಲಿ ಮುಖ್ಯ. ಯುರೋಪ್ ಪಟ್ಟಿ ಬೇರೆ, ಸಿಡಿಸಿ ಪಟ್ಟಿ ಬೇರೆ. ಪಟ್ಟಿಲಿ ಇಲ್ದಿರೋ ಕಡೆಯಿಂದ ಎಷ್ಟೇ ಚೆನ್ನಾಗಿ ರಿಪೋರ್ಟ್ ಬಂದ್ರೂ ಅದು ಫೈಲಲ್ಲಿಡೋಕೆ ಮಾತ್ರ.

ಉದಾಹರಣೆಗೆ ಫ್ರಾಂಕ್‌ಫರ್ಟ್‌ಗೆ ಹೊರಟಿದೀರಿ ಅನ್ಕೊಳ್ಳಿ. ಜುಲೈ 1ಕ್ಕೆ ಚಿಪ್ಪು, ಲಸಿಕೆ. ಆಗಸ್ಟ್ 3ಕ್ಕೆ ರಕ್ತ. ನವೆಂಬರ್ 3 ಆದ್ಮೇಲೇ ನಾಯಿ ಯುರೋಪ್ ಒಳಗೆ ಕಾಲಿಡೋದು. ಅಂದ್ರೆ ಎಲ್ಲ ಸರಿಯಾಗಿ ನಡೆದ್ರೂ ನಾಲ್ಕು ತಿಂಗ್ಳು, ಟೈಟರ್ ಕಮ್ಮಿ ಬಂದು ಇನ್ನೊಂದ್ ಬೂಸ್ಟರ್ ಹಾಕ್ಸಿ ಮತ್ತೆ ರಕ್ತ ಕೊಡೋ ಹಾಗಾದ್ರೆ ಆರರ ಹತ್ರ. ಕಂಪನಿಯವ್ರು ಸೆಪ್ಟೆಂಬರಲ್ಲೇ ಬಾ ಅಂದ್ರೆ ನೀವು ಹೋಗಿ, ನಾಯಿನ ಅಪ್ಪ ಅಮ್ಮನ ಹತ್ರ ಬಿಟ್ಟು ನವೆಂಬರಲ್ಲಿ ಬಂದು ಕರ್ಕೊಂಡ್ ಹೋಗಿ. ಬಂದು ಕರ್ಕೊಂಡ್ ಹೋಗೋದು ಅಂತ ಯಾಕಂದೆ ಅಂದ್ರೆ, ಮಾಲೀಕರು ಅಥವಾ ಅವ್ರು ಬರೆದುಕೊಟ್ಟ ವ್ಯಕ್ತಿ ಪ್ರಾಣಿಗಿಂತ 5 ದಿನ ಹಿಂದೆ ಮುಂದೆ ಒಳಗೆ ಪ್ರಯಾಣ ಮಾಡಿದ್ರೆ ಮಾತ್ರ ಅದು ಸಾಕುಪ್ರಾಣಿ ಲೆಕ್ಕ, ಇಲ್ದಿದ್ರೆ ವ್ಯಾಪಾರದ ನಿಯಮಕ್ಕೆ ಹೋಗತ್ತೆ, ಅದು ಬೇರೆನೇ ಕಾಗದಪತ್ರ.

ಒಂದು ಸಮಾಧಾನ ಏನಂದ್ರೆ ಯುರೋಪ್ ಲೆಕ್ಕದಲ್ಲಿ ಒಂದ್ಸಲ ಟೈಟರ್ ಪಾಸಾಗಿ, ಆಮೇಲೆ ಬೂಸ್ಟರ್ ಒಂದು ದಿನಾನೂ ಲೇಟಾಗದೆ ಹಾಕಿಸ್ತಾ ಬಂದ್ರೆ ಆ ರಿಪೋರ್ಟ್ ಜೀವನಪೂರ್ತಿ ನಡೆಯತ್ತೆ. ಲೇಟಾದ್ರೆ ಮತ್ತೆ ಮೊದ್ಲಿಂದ.

ಕ್ರೇಟು: ಅಳತೆನೂ ಅಭ್ಯಾಸಾನೂ

ಪ್ರಾಣಿ ಸಾಗಿಸೋಕೆ ಎಲ್ಲ ಏರ್‌ಲೈನು ಐಯಾಟಾ (ಏರ್‌ಲೈನ್‌ಗಳ ಅಂತಾರಾಷ್ಟ್ರೀಯ ಸಂಘ) ಮಾಡಿರೋ ಲೈವ್ ಅನಿಮಲ್ಸ್ ನಿಯಮ ಪಾಲಿಸ್ತವೆ. ಅಳತೆ ಹೀಗೆ: ಮೂಗಿನ ತುದಿಯಿಂದ ಬಾಲ ಶುರುವಾಗೋ ಜಾಗದ ತನಕ ಒಂದು, ನೆಲದಿಂದ ಮುಂಗಾಲಿನ ಮೊಣಕೈ ತನಕ ಇನ್ನೊಂದು. ಮೊದಲನೇದಕ್ಕೆ ಎರಡನೇದ್ರ ಅರ್ಧ ಸೇರಿಸಿದ್ರೆ ಕ್ರೇಟಿನ ಉದ್ದ. ಭುಜದ ಅಗಲದ ಎರಡರಷ್ಟು ಕ್ರೇಟಿನ ಅಗಲ. ನಿಂತಾಗ ತಲೆ ಅಥವಾ ಕಿವಿ ತುದಿ, ಯಾವ್ದು ಮೇಲಿದ್ಯೋ ಅಲ್ಲಿ ತನಕ ಎತ್ತರ, ಅದ್ರ ಮೇಲೆ ಒಳಗೆ ಹಾಸೋ ಬಟ್ಟೆ ದಪ್ಪ. ಚಪ್ಪಟೆ ಮೂಗಿನವಕ್ಕೆ ಇನ್ನೂ 10 ಪರ್ಸೆಂಟ್ ದೊಡ್ಡದು. ಅಳೆಯೋವಾಗ ನಾಯಿ ಕೂತ್ಕೊಂಡುಬಿಡತ್ತೆ, ಒಬ್ರು ಮುಂದೆ ಬಿಸ್ಕೆಟ್ ಹಿಡಿದು ನಿಲ್ಲಿ, ಇನ್ನೊಬ್ರು ಗೋಡೆ ಪಕ್ಕ ನಿಲ್ಸಿ ಪೆನ್ಸಿಲಲ್ಲಿ ಗುರುತು ಹಾಕಿ ಆಮೇಲೆ ಗೋಡೆ ಅಳೀರಿ.

ದುಡ್ಡಿನ ಶಾಕ್ ಹೊಡೆಯೋದು ಇಲ್ಲೇ. ಕಾರ್ಗೋದವ್ರು ನಾಯಿ ತೂಕ ನೋಡಲ್ಲ, ಕ್ರೇಟ್ ಎಷ್ಟು ಜಾಗ ತಿನ್ನತ್ತೆ ನೋಡ್ತಾರೆ, ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 6000ದಿಂದ ಭಾಗಿಸಿದ್ರೆ ಬರೋ ಕೆಜಿ ಒಂದು, ನಿಜವಾದ ತೂಕ ಒಂದು, ಯಾವ್ದು ಜಾಸ್ತಿನೋ ಅದಕ್ಕೆ ಚಾರ್ಜು. ಒಂದು ಲ್ಯಾಬ್ರಡಾರ್‌ಗೆ 122, 81, 89 ಸೆಂಟಿಮೀಟರಿನ ಕ್ರೇಟ್ ಬೇಕಾಯ್ತು ಅನ್ನಿ, ಲೆಕ್ಕ ಹಾಕಿದ್ರೆ 147 ಕೆಜಿ ಹತ್ರ ಬರತ್ತೆ, ನಾಯಿ ಇರೋದು 32 ಕೆಜಿ. ಅದಕ್ಕೇ ದೊಡ್ಡ ನಾಯಿ ಕಳಿಸೋ ಖರ್ಚು ಲಕ್ಷಗಳಲ್ಲಿ ಮಾತಾಡತ್ತೆ, ಹಾಗಂತ ಕ್ರೇಟ್ ಒಂದು ಸೈಜ್ ಚಿಕ್ಕದು ತಗೊಂಡ್ರೆ ಕೌಂಟರಲ್ಲೇ ಬೇಡ ಅಂತಾರೆ.

ಪ್ಲಾಸ್ಟಿಕ್ ಕ್ರೇಟಾದ್ರೆ ಕ್ಲಿಪ್ ಸಾಲಲ್ಲ, ಮೇಲಿನ ಕೆಳಗಿನ ಭಾಗ ಸೇರೋ ಕಡೆಯೆಲ್ಲ ಕಬ್ಬಿಣದ ನಟ್ಟು ಬೋಲ್ಟು ಹಾಕ್ಸಿ, ಯಾವ ಹಾರ್ಡ್‌ವೇರ್ ಅಂಗಡಿಲೂ ಸಿಗತ್ತೆ. ನಾಲ್ಕೂ ಕಡೆ ಗಾಳಿ ಕಿಂಡಿ ಇರ್ಬೇಕು, ಚಕ್ರ ಇದ್ರೆ ಬಿಚ್ಚಿ, ನೀರಿನ ಬಟ್ಟಲು ಬಾಗಿಲಿಗೆ ಸಿಕ್ಕಿಸಿರ್ಬೇಕು, ಬಾಗಿಲು ತೆಗೀದೆ ಹೊರಗಿಂದ ನೀರು ತುಂಬೋ ಹಾಗಿರ್ಬೇಕು. ಕಾರ್ಪೆಂಟರ್ ಹತ್ರ ಮರದ್ದು ಮಾಡ್ಸೋದಾದ್ರೆ ಪ್ಲೈವುಡ್ ಆದ್ರೆ ರಗಳೆ ಇಲ್ಲ, ಗಟ್ಟಿ ಮರದ ರೀಪರ್ ಹಾಕಿದ್ರೆ ಅದಕ್ಕೆ ಹೀಟ್ ಟ್ರೀಟ್‌ಮೆಂಟ್ ಆಗಿರೋ ಐಎಸ್‌ಪಿಎಂ 15 ಮುದ್ರೆ ಬೇಕು. ಇನ್ನೊಂದು, 122 ಸೆಂಟಿಮೀಟರ್ ಕ್ರೇಟ್ ಸ್ವಿಫ್ಟ್ ಡಿಕ್ಕಿಲಿ ಹೋಗಲ್ಲ, ಕ್ಯಾಬ್ ಬುಕ್ ಮಾಡೋಕೆ ಮುಂಚೆ ಹಿಂದಿನ ಡೋರ್ ಅಳೀರಿ ಅಥವಾ ಎರಡು ಭಾಗ ಒಂದ್ರೊಳಗೊಂದು ಇಟ್ಕೊಂಡು ಹೋಗಿ ಅಲ್ಲಿ ಬೋಲ್ಟ್ ಹಾಕಿ, ಸ್ಪ್ಯಾನರ್ ಮರೀಬೇಡಿ.

ಕ್ರೇಟ್ ಎರಡು ಮೂರು ತಿಂಗ್ಳು ಮುಂಚೆನೇ ಮನೆಗೆ ತಂದಿಡಿ. ನಮ್ಮಕ್ಕನ ಮನೆ ಬೆಕ್ಕು ಕ್ರೇಟ್ ಕಂಡ್ರೆ ಅಟ್ಟ ಹತ್ತಿ ಕೂರ್ತಿತ್ತು, ಯಾಕಂದ್ರೆ ಅದ್ರ ಪ್ರಕಾರ ಕ್ರೇಟ್ ಅಂದ್ರೆ ಡಾಕ್ಟ್ರು. ಅಕ್ಕ ಬಾಗಿಲು ಬಿಚ್ಚಿ ಪಕ್ಕಕ್ಕಿಟ್ಟು, ಒಳಗೆ ತನ್ನ ಹಳೇ ಕಾಟನ್ ಸೀರೆ ಮಡಚಿ ಹಾಕಿ, ದಿವಾನ್ ಪಕ್ಕ ಬಿಸಿಲು ಬೀಳೋ ಕಡೆ ಇಟ್ಟು ಸುಮ್ನಾದ್ಲು, ಬಾ ಅಂತ ಕರೀಲೂ ಇಲ್ಲ. ಮೊದಲ ವಾರ ಬರೀ ಮೂಸಿ ಹೋಯ್ತು, ಆಮೇಲೆ ಒಂದಿನ ಮಧ್ಯಾಹ್ನ ನೋಡಿದ್ರೆ ಹಿಂಗಾಲು ಮಾತ್ರ ಹೊರಗೆ. ಊಟ ಒಳಗೇ ಇಡೋಕೆ ಶುರು ಮಾಡಿದ್ಲು, ತಿಂಗ್ಳಾದ್ಮೇಲೆ ಬಾಗಿಲು ಹಾಕಿ ಐದು ನಿಮಿಷ, ಹತ್ತು ನಿಮಿಷ, ಆಮೇಲೆ ಕಾರಲ್ಲಿಟ್ಟು ಬನಶಂಕರಿ ತನಕ ಒಂದು ರೌಂಡು. ಹೋಗೋ ದಿನ ಬಲವಂತ ಮಾಡೋ ಪ್ರಮೇಯನೇ ಬರ್ಲಿಲ್ಲ. ಅದೇ ಸೀರೆ ಒಗೀದೆ ಹಾಗೇ ಕಳ್ಸಿದ್ಲು, ವಾಸನೆ ಹೋಗ್ಬಾರ್ದು ಅಂತ.

ಏರ್‌ಲೈನು

ಮೊದಲ ಆಯ್ಕೆ ಡೈರೆಕ್ಟ್ ಫ್ಲೈಟು, ಎರಡನೇದು ಪ್ರಾಣಿಗಳಿಗೆ ಅಂತಲೇ ಜಾಗ ಇರೋ ಊರಲ್ಲಿ ಒಂದೇ ಸ್ಟಾಪ್ (ಫ್ರಾಂಕ್‌ಫರ್ಟಲ್ಲಿ ಲುಫ್ತಾನ್ಸಾದ ಅನಿಮಲ್ ಲೌಂಜ್ ಇದೆ), ಎರಡು ಸ್ಟಾಪ್ ಇರೋದು ಎಷ್ಟ್ ಕಮ್ಮಿ ರೇಟಾದ್ರೂ ಬೇಡ. ಲುಫ್ತಾನ್ಸಾ, ಕೆಎಲ್‌ಎಂ, ಏರ್ ಫ್ರಾನ್ಸಲ್ಲಿ ಬ್ಯಾಗ್ ಸೇರಿ 8 ಕೆಜಿ ಒಳಗಿದ್ರೆ ಕ್ಯಾಬಿನ್ನಲ್ಲಿ ಸೀಟಿನ ಕೆಳಗೆ ಇಟ್ಕೋಬೋದು, ಆದ್ರೆ ಒಂದು ಫ್ಲೈಟಿಗೆ ಇಷ್ಟೇ ಪ್ರಾಣಿ ಅಂತ ಲಿಮಿಟ್ ಇರೋದ್ರಿಂದ ನಿಮ್ ಟಿಕೆಟ್ ತಗೊಳ್ಳೋ ಮುಂಚೆ ಫೋನ್ ಮಾಡಿ ಜಾಗ ಇದ್ಯಾ ಕೇಳಿ, ಆನ್‌ಲೈನಲ್ಲಿ ತಗೊಂಡು ಆಮೇಲೆ ಕೇಳ್ಬೇಡಿ. ಮಧ್ಯೆ ಟ್ರಾನ್ಸಿಟ್ ದೇಶದ ನಿಯಮಾನೂ ಕೇಳಿ.

ಪಗ್ (ನಮ್ಮಲ್ಲಿ ಇನ್ನೂ ಎಷ್ಟೋ ಜನಕ್ಕೆ ಅದು ಹಚ್ ನಾಯಿನೇ), ಶಿ ಟ್ಸೂ, ಬುಲ್‌ಡಾಗ್, ಬಾಕ್ಸರ್, ಪರ್ಷಿಯನ್ ಬೆಕ್ಕು ಇರೋರು ಸ್ವಲ್ಪ ಗಟ್ಟಿ ಮನಸ್ಸು ಮಾಡ್ಬೇಕು. ಮೂಗು ಚಪ್ಪಟೆ ಇರೋದ್ರಿಂದ ಸೆಖೆಗೆ, ಗಾಬರಿಗೆ ಉಸಿರಾಟ ಕಷ್ಟ ಆಗತ್ತೆ, ಹೋಲ್ಡಲ್ಲಿ (ವಿಮಾನದ ಕೆಳಗೆ ಲಗೇಜ್ ಇಡೋ ಜಾಗ) ಸತ್ತಿರೋ ಪ್ರಾಣಿಗಳಲ್ಲಿ ಇವು ಜಾಸ್ತಿ ಅಂತಲೇ ಎಷ್ಟೋ ಏರ್‌ಲೈನ್ ತಗೊಳ್ಳೋದೇ ಇಲ್ಲ. ತಗೊಳ್ಳೋರು ಇದ್ರೂ ಬೇಸಿಗೆ ಬಿಟ್ಟು ಚಳಿಗಾಲದಲ್ಲಿ, ರಾತ್ರಿ ಫ್ಲೈಟಲ್ಲಿ ಕರ್ಕೊಂಡ್ ಹೋಗಿ. ಪಿಟ್‌ಬುಲ್ ಥರದ ತಳಿ ಆದ್ರೆ ಏರ್‌ಲೈನ್ ಪಕ್ಕಕ್ಕಿರ್ಲಿ, ಜರ್ಮನಿ ಒಳಗೇ ಬಿಡಲ್ಲ. ಬೀದಿಯಿಂದ ತಂದು ಸಾಕಿರೋ ನಮ್ ಇಂಡಿ ನಾಯಿಗಳಿಗೆ ಇಂಥ ಯಾವ ಅಡ್ಡಿನೂ ಇಲ್ಲ, ಎಲ್ಲ ಫಾರ್ಮಲ್ಲೂ ತಳಿ ಹೆಸರು ಒಂದೇ ಥರ ಬರೀರಿ, ಒಂದ್ರಲ್ಲಿ ಇಂಡಿಯನ್ ಪಾರಿಯಾ, ಇನ್ನೊಂದ್ರಲ್ಲಿ ಮಿಕ್ಸ್ಡ್ ಅಂತ ಬೇಡ.

ವಯಸ್ಸಾದ ನಾಯಿ ಬಗ್ಗೆ ನನ್ನ ಅಭಿಪ್ರಾಯ ಕೆಲವ್ರಿಗೆ ಹಿಡಿಸಲ್ಲ. ಹಾರ್ಟ್ ತೊಂದರೆನೋ ಕಿಡ್ನಿ ತೊಂದರೆನೋ ಇದ್ದು, ಮನೇಲಿ ಅಜ್ಜಿನೋ ತಮ್ಮನೋ ನೋಡ್ಕೊಳ್ಳೋರು ಇದ್ದಾರೆ ಅಂದ್ರೆ ಬಿಟ್ಟು ಹೋಗೋದು ಕ್ರೌರ್ಯ ಅಲ್ಲ. ಎಲ್ಲೋ ಬೋರ್ಡಿಂಗಲ್ಲಿ ಬಿಟ್ಟು ನಂಬರ್ ಬದಲಾಯ್ಸೋರ ವಿಷ್ಯ ಬೇರೆ, ಅವ್ರ ಬಗ್ಗೆ ಬರೀದೇ ಇರೋದೇ ವಾಸಿ.

ಎಕ್ಯೂಸಿಎಸ್ಸು, ಏಜೆಂಟು

ದೇಶದಿಂದ ಹೊರಗೆ ಹೋಗೋ ಪ್ರಾಣಿಗೆ ಕೇಂದ್ರ ಸರ್ಕಾರದ ಅನಿಮಲ್ ಕ್ವಾರಂಟೈನ್ ಆಫೀಸ್, ಅಂದ್ರೆ ಎಕ್ಯೂಸಿಎಸ್ಸಿಂದ ಹೆಲ್ತ್ ಸರ್ಟಿಫಿಕೇಟ್ ಬೇಕು, ಬೆಂಗಳೂರಲ್ಲೇ ಅವ್ರ ಸ್ಟೇಷನ್ ಇದೆ, ಚೆನ್ನೈಗೆ ಓಡ್ಬೇಕಾಗಿಲ್ಲ. ಮೊದ್ಲು ನಿಮ್ ವೆಟ್ ಹತ್ರ ಫಿಟ್ ಟು ಫ್ಲೈ ಸರ್ಟಿಫಿಕೇಟ್, ಆಮೇಲೆ ಲಸಿಕೆ ಬುಕ್ಕು, ಚಿಪ್ ಸರ್ಟಿಫಿಕೇಟು, ಟೈಟರ್ ರಿಪೋರ್ಟು, ಪಾಸ್‌ಪೋರ್ಟು, ಟಿಕೆಟ್, ಹೋಗೋ ದೇಶದ ಪರ್ಮಿಟ್ ಬೇಕಿದ್ರೆ ಅದು, ಎಲ್ಲ ಇಟ್ಕೊಂಡು ಅರ್ಜಿ ಹಾಕೋದು. ಯುರೋಪಿನ ಸರ್ಟಿಫಿಕೇಟ್ ಸಹಿ ಆದ 10 ದಿನದೊಳಗೆ ಅಲ್ಲಿ ಇಳಿದಿರ್ಬೇಕು, ಹಾಗಾಗಿ ಮುಂಚೆನೇ ಮಾಡಿಸಿಟ್ಕೊಳ್ಳೋಕೂ ಆಗಲ್ಲ, ಕೊನೇ ದಿನಕ್ಕೆ ಬಿಡೋಕೂ ಆಗಲ್ಲ. ದಸರಾ, ದೀಪಾವಳಿ ಸಾಲು ರಜೆ, ಎರಡನೇ ಶನಿವಾರ ಎಲ್ಲ ನೋಡ್ಕೊಂಡು ಫ್ಲೈಟ್ ತಾರೀಖು ಹಾಕಿ, ಬುಧವಾರ ಗುರುವಾರ ಹೊರಡೋದಾದ್ರೆ ವಾರದ ಮೊದಲೆರಡು ದಿನ ಸಹಿ ಸೀಲಿಗೆ ಸಿಗತ್ತೆ.

ಏಜೆಂಟ್ ಬೇಕಾ? ಕ್ಯಾಬಿನ್ನಲ್ಲಿ ಬೆಕ್ಕು, ಕೆನಡಾಗೆ ಸಣ್ಣ ನಾಯಿ ಅಂದ್ರೆ ನೀವೇ ಮಾಡ್ಬೋದು, ಪುರುಸೊತ್ತು ಬೇಕಷ್ಟೇ. ಕಾರ್ಗೋ ಅಂದ್ರೆ ಕಸ್ಟಮ್ಸ್, ಏರ್‌ವೇ ಬಿಲ್ ಅಂತೆಲ್ಲ ಬರತ್ತೆ, ಅದಕ್ಕೆ ಏಜೆಂಟ್ ಇದ್ರೇ ವಾಸಿ. ಕೊಟೇಶನ್ ಕೇಳೋವಾಗ ಬಾಯಿಮಾತಲ್ಲಿ ಬೇಡ, ಬರೆದು ಕೊಡಿ ಅನ್ನಿ: ಕ್ರೇಟ್ ಸೇರಿದ್ಯಾ, ಲ್ಯಾಬ್ ಫೀಸ್ ಸೇರಿದ್ಯಾ, ಜಿಎಸ್‌ಟಿ, ಅಲ್ಲಿ ಇಳಿದ್ಮೇಲೆ ಕ್ಲಿಯರೆನ್ಸ್ ಚಾರ್ಜ್ ಯಾರು ಕೊಡೋದು, ಫ್ಲೈಟ್ ಕ್ಯಾನ್ಸಲ್ ಆದ್ರೆ ಆ ರಾತ್ರಿ ನಾಯಿ ಎಲ್ಲಿರತ್ತೆ. ಕೊನೇ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡೋರು ಕೆಲ್ಸ ಗೊತ್ತಿರೋರು. ಐಪಾಟಾ ಅನ್ನೋ ಅಂತಾರಾಷ್ಟ್ರೀಯ ಸಂಘದ ಮೆಂಬರಾ ಅಂತ ಅವ್ರ ಬಾಯಲ್ಲಿ ಕೇಳ್ಬೇಡಿ, ಸಂಘದ ಸೈಟಲ್ಲೇ ಹುಡುಕಿ ನೋಡಿ.

ಹೊರಡೋ ವಾರ

ನಿದ್ದೆ ಮಾತ್ರೆ ಕೊಡ್ಬೇಡಿ. ದೀಪಾವಳಿ ಪಟಾಕಿಗೆ ಹೆದರತ್ತೆ ಅಂತ ಡಾಕ್ಟರ್ ಬರೆದಿದ್ದ ಮಾತ್ರೆ ಮನೇಲಿದೆ, ಅರ್ಧ ಕೊಟ್ರೆ ಪಾಪ ಮಲಗಿರತ್ತೆ ಅಂತ ಕೊಡೋರಿದಾರೆ. ಮತ್ತಿನಲ್ಲಿ ಬಿಪಿ, ಉಸಿರು, ಮೈ ಬಿಸಿ ಎಲ್ಲ ಏರುಪೇರಾಗತ್ತೆ, ವಿಮಾನ ಅಲುಗಾಡಿದಾಗ ಕಾಲೂರಿ ನಿಲ್ಲೋಕಾಗಲ್ಲ, ವಾಂತಿ ಬಂದ್ರೆ ಗಂಟಲಿಗೆ ಸಿಕ್ಕತ್ತೆ, ನೋಡೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಮತ್ತು ಬಂದ ಹಾಗೆ ಕಂಡ್ರೆ ಏರ್‌ಲೈನ್‌ನವ್ರೇ ತಗೊಳ್ಳಲ್ಲ.

ಉಣ್ಣೆ ಹುಳಕ್ಕೆ ಔಷಧಿ ಹಾಕ್ಸಿ, ಬೆಂಗಳೂರಲ್ಲಿ ಟಿಕ್ ಫೀವರ್ ಮಾಮೂಲು, ಒಂದು ರಕ್ತ ಪರೀಕ್ಷೆ ಮಾಡ್ಸಿದ್ರೆ ಅಲ್ಲಿ ಹೋಗಿ ಜ್ವರ ಬಂದು ಅಲ್ಲಿನ ಡಾಕ್ಟ್ರು ಕಣ್ಣು ಕಣ್ಣು ಬಿಡೋದು ತಪ್ಪತ್ತೆ. ಊಟ ನಾಲ್ಕೈದು ಗಂಟೆ ಮುಂಚೆ ಸ್ವಲ್ಪ, ನೀರು ಕೊನೇ ತನಕ. ಹೆಬ್ಬಾಳದ ಟ್ರಾಫಿಕ್ ಲೆಕ್ಕ ಹಾಕಿ ಹೊರಡಿ, ಕಾರ್ಗೋ ಕಡೆ ಹೋಗೋದಾದ್ರೆ ಅದು ನೀವು ಹತ್ತೋ ಟರ್ಮಿನಲ್ ಅಲ್ಲ, ಬೇರೆ ಗೇಟು, ಹಾಗಾಗಿ ನಾಯಿ ಬಿಡೋಕೊಬ್ರು, ಲಗೇಜ್ ಜೊತೆಗೊಬ್ರು ಇದ್ರೆ ಒಳ್ಳೇದು. ಏರ್‌ಪೋರ್ಟ್ ಒಳಗೆ ಹೋಗೋಕೆ ಮುಂಚೆ ಒಂದು ಉದ್ದ ವಾಕ್ ಮಾಡ್ಸಿ, ಎರಡೂ ಕೆಲ್ಸ ಮುಗಿಸ್ಲಿ. ಬೆಕ್ಕು ಕ್ಯಾಬಿನ್ನಲ್ಲಾದ್ರೆ ಸೆಕ್ಯೂರಿಟಿಲಿ ಬ್ಯಾಗ್ ಎಕ್ಸ್‌ರೇಗೆ ಹೋಗತ್ತೆ, ಬೆಕ್ಕನ್ನ ಎತ್ಕೊಂಡು ನೀವು ನಡ್ಕೊಂಡ್ ಹೋಗ್ಬೇಕು, ಅಷ್ಟು ಜನ ಗಲಾಟೆಲಿ ಕೈಜಾರಿದ್ರೆ ಮುಗೀತು, ಮೈಗೆ ಬೆಲ್ಟ್ ಹಾಕಿ ದಾರ ಕೈಗೆ ಸುತ್ಕೊಂಡಿರಿ.

ಕಾಗದದ ಒರಿಜಿನಲ್ ನಿಮ್ ಕೈಲಿ ಅಥವಾ ಕ್ರೇಟ್ ಮೇಲಿನ ಪೌಚಲ್ಲಿ, ಎಲ್ಲಿ ಅಂತ ಏರ್‌ಲೈನ್ ಹೇಳತ್ತೆ, ಕಾಪಿ ಎರಡೂ ಕಡೆ. ಕ್ರೇಟ್ ಮೇಲೆ ಹೆಸರು, ಎರಡೂ ದೇಶದ ಫೋನ್ ನಂಬರು ದಪ್ಪ ಅಕ್ಷರದಲ್ಲಿ. ಅಮ್ಮ ಕಟ್ಟಿಕೊಟ್ಟ ತುಪ್ಪ, ನಾಯಿಗೆ ಅಂತ ಚಿಕನ್ ಬಿಸ್ಕೆಟ್ ಇವೆಲ್ಲ ಯುರೋಪಿಗೆ ಬೇಡ, ಹಾಲಿನ ಪದಾರ್ಥ, ಮಾಂಸ ಇರೋ ಪೆಟ್ ಫುಡ್ ಅಲ್ಲಿ ಕಿತ್ಕೊಳ್ತಾರೆ. ಮೊಸರನ್ನ ತಿಂದು ಬೆಳೆದ ನಾಯಿಗೆ ಅಲ್ಲಿ ಸಿಗೋ ಬ್ರ್ಯಾಂಡಿನ ಕಿಬಲ್ (ಒಣ ಪೆಟ್ ಫುಡ್) ಯಾವ್ದು ನೋಡಿ, ಇಲ್ಲೇ ಒಂದು ತಿಂಗ್ಳು ಮುಂಚಿಂದ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡ್ಸಿ, ಹೊಸ ಊರು, ಹೊಸ ಚಳಿ, ಹೊಸ ಊಟ ಮೂರೂ ಒಟ್ಟಿಗೆ ಆದ್ರೆ ಹೊಟ್ಟೆ ಕೆಡತ್ತೆ.

ಇಳಿದ್ಮೇಲೆ ಎರಡು ಮೂರು ದಿನ ತಿನ್ನದಿದ್ರೆ, ಜಾಸ್ತಿ ಮಲಗಿದ್ರೆ ನಾಯಿ ವಿಷ್ಯದಲ್ಲಿ ಗಾಬರಿ ಬೇಡ, ನೀರು ಕುಡೀತಿದ್ಯಾ ನೋಡಿ. ಬೆಕ್ಕು ಒಂದು ದಿನಕ್ಕಿಂತ ಜಾಸ್ತಿ ಏನೂ ಮುಟ್ಲಿಲ್ಲ ಅಂದ್ರೆ ಮಾತ್ರ ಡಾಕ್ಟರ್‌ಗೆ ಫೋನ್ ಮಾಡಿ, ಉಪವಾಸ ಇದ್ರೆ ಬೆಕ್ಕಿನ ಲಿವರ್ ಬೇಗ ಕೆಡತ್ತೆ. ಮೊದಲ ಕೆಲವು ವಾರ ಬೆಲ್ಟ್ ಬಿಚ್ಚಿ ಎಲ್ಲೂ ಬಿಡ್ಬೇಡಿ, ದಾರಿ ಗೊತ್ತಿರಲ್ಲ. ಚಿಪ್ ನಂಬರನ್ನ ಆ ದೇಶದ ಡೇಟಾಬೇಸಲ್ಲಿ ಹೊಸ ಅಡ್ರೆಸ್, ಹೊಸ ಫೋನ್ ನಂಬರ್ ಹಾಕಿ ರಿಜಿಸ್ಟರ್ ಮಾಡ್ಸಿ, ಇಲ್ಲಿನ ನಂಬರ್ ಇಟ್ಕೊಂಡು ಅಲ್ಲಿ ಯಾರೂ ಫೋನ್ ಮಾಡಲ್ಲ. ಜರ್ಮನಿಲಿ ನಾಯಿಗೆ ಊರಿನ ಆಫೀಸಲ್ಲಿ ಟ್ಯಾಕ್ಸ್ ಕಟ್ಬೇಕು, ಎರಡನೇ ನಾಯಿಗೆ ತುಂಬಾ ಊರುಗಳಲ್ಲಿ ಜಾಸ್ತಿ ರೇಟು. ಯುರೋಪಲ್ಲಿ ಅಲ್ಲಿನ ವೆಟ್ ಹತ್ರ ಇಯು ಪೆಟ್ ಪಾಸ್‌ಪೋರ್ಟ್ ಮಾಡ್ಸ್ಕೊಂಡ್ರೆ ಪಕ್ಕದ ದೇಶಕ್ಕೆ ಹೋಗೋವಾಗ ಈ ಫೈಲ್ ಹೊತ್ಕೊಂಡು ಓಡಾಡೋದು ತಪ್ಪತ್ತೆ, ಆದ್ರೂ ಹೆಬ್ಬಾಳದ್ದೋ ಇನ್ನೆಲ್ಲಿದ್ದೋ ಆ ಟೈಟರ್ ರಿಪೋರ್ಟ್ ಒರಿಜಿನಲ್ ಬಿಸಾಕ್ಬೇಡಿ, ರಜೆಗೆ ಅಂತ ಊರಿಗೆ ಕರ್ಕೊಂಡ್ ಬಂದು ವಾಪಸ್ ಹೋಗೋವಾಗ ಅದನ್ನೇ ಕೇಳ್ತಾರೆ.